ಉಗ್ರರ ನಂಟು ಎಂಬ ಕಾರಣ: ಇರಾಕ್ ಯುದ್ಧದ ಕಡತ ಏನು ಹೇಳುತ್ತದೆ?

ಪ್ರಶ್ನೆ: ‘ಆ ದೇಶಕ್ಕೆ ಉಗ್ರರ ಜೊತೆ ನಂಟಿದೆ, ಯುದ್ಧವೊಂದೇ ದಾರಿ’ ಎಂಬ ಮಾತನ್ನು ಟಿ.ವಿ. ಚರ್ಚೆಗಳಲ್ಲಿ ಪದೇ ಪದೇ ಕೇಳುತ್ತೇನೆ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೋದಾಗಲೂ ಸದ್ದಾಂ ಹುಸೇನನಿಗೂ ಅಲ್‌ಕೈದಾಕ್ಕೂ ಸಂಬಂಧವಿದೆ ಎಂದಿದ್ದರು. ಆಗ ನಾನು ಪಿಯುಸಿ ಓದುತ್ತಿದ್ದೆ, ಪೂರ್ತಿ ನಂಬಿದ್ದೆ. ಅದು ಸುಳ್ಳಾಗಿತ್ತೇ ಅಥವಾ ಗುಪ್ತಚರರ ತಪ್ಪು ಮಾಹಿತಿಯೇ? ಒಂದು ವೇಳೆ ಆ ಸಂಬಂಧ ನಿಜವೇ ಆಗಿದ್ದರೆ ಯುದ್ಧ ನ್ಯಾಯವಾಗುತ್ತಿತ್ತೇ? ನಮ್ಮಂಥ ಸಾಮಾನ್ಯ ಓದುಗರು ಇಂಥ ಮಾತನ್ನು ಅಳೆಯುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಖಚಿತವಾಗಿ ಹೇಳಬಹುದಾದುದನ್ನು ಹೇಳಿಬಿಡುತ್ತೇನೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಂ ಹುಸೇನನ ಕೈವಾಡ ಇತ್ತೆಂಬುದಕ್ಕೆ ಯಾವ ಸಾಕ್ಷ್ಯವೂ ಸಿಕ್ಕಿಲ್ಲ. ವಿಮಾನಗಳನ್ನು ಅಪಹರಿಸಿದ 19 ಮಂದಿಯಲ್ಲಿ 15 ಮಂದಿ ಸೌದಿ ಅರೇಬಿಯಾದವರು, ಇಬ್ಬರು ಸಂಯುಕ್ತ ಅರಬ್ ಎಮಿರೇಟ್ಸ್‌ನವರು, ಒಬ್ಬ ಈಜಿಪ್ಟಿನವನು, ಒಬ್ಬ ಲೆಬನಾನಿನವನು. ಇರಾಕಿನವನು ಒಬ್ಬನೂ ಇರಲಿಲ್ಲ. ಬಾಗ್ದಾದಿಗೂ ಅಲ್‌ಕೈದಾಕ್ಕೂ ನಡುವೆ ಕೆಲವು ಭೇಟಿಗಳು ನಡೆದಿದ್ದವು, ಆದರೆ ಅವು ಕೂಡಿ ಕಾರ್ಯಾಚರಣೆ ನಡೆಸುವ ಸಂಬಂಧವಾಗಿ ಬೆಳೆದದ್ದಕ್ಕೆ ಸಾಕ್ಷ್ಯವಿಲ್ಲ ಎಂದು ಅಮೆರಿಕದ್ದೇ ತನಿಖಾ ಆಯೋಗ 2004ರ ಜುಲೈನಲ್ಲಿ ವರದಿ ಕೊಟ್ಟಿತು. ಆ ಹೊತ್ತಿಗೆ ಯುದ್ಧ ಶುರುವಾಗಿ ಹದಿನಾರು ತಿಂಗಳಾಗಿತ್ತು.

ಸುಳ್ಳೋ ತಪ್ಪೋ ಎಂಬುದಕ್ಕೆ ಇಷ್ಟು ಚಿಕ್ಕ ಉತ್ತರ ಇಲ್ಲ. ಅದಕ್ಕೆ ನೀವು ಬಳಸಿದ ‘ನಂಟು’ ಎಂಬ ಪದದಿಂದಲೇ ಶುರು ಮಾಡಬೇಕು.

ನಂಟು ಎಂಬುದು ಹಿಗ್ಗುವ ಪದ. ಮಗಳನ್ನು ಕೊಟ್ಟ ಬೀಗರೂ ನೆಂಟರೇ, ಯಾರದೋ ಮದುವೆಯ ಪಂಕ್ತಿಯಲ್ಲಿ ಒಮ್ಮೆ ಪಕ್ಕದಲ್ಲಿ ಕುಳಿತು ಉಂಡವರೂ ನೆಂಟರೇ. ಮನೆಯ ಮಾತಿನಲ್ಲಿ ಇದರಿಂದ ತೊಂದರೆ ಇಲ್ಲ, ಯುದ್ಧದ ಮಾತಿನಲ್ಲಿ ಇದರಿಂದ ಜನ ಸಾಯುತ್ತಾರೆ. ಒಂದು ಸರ್ಕಾರಕ್ಕೂ ಒಂದು ಉಗ್ರ ಗುಂಪಿಗೂ ನಡುವೆ ಏನಿದೆ ಎಂದು ಕೇಳುವಾಗ ಕಡೇಪಕ್ಷ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕು. ಇಬ್ಬರೂ ಭೇಟಿಯಾಗಿದ್ದಾರೆಯೇ? ಆ ಗುಂಪಿನವರು ಅಲ್ಲಿ ಆಶ್ರಯ ಪಡೆದಿದ್ದಾರೆಯೇ? ಹಣ, ಆಯುಧ, ತರಬೇತಿಯ ನೆರವು ಸಿಕ್ಕಿದೆಯೇ? ಈ ದಾಳಿಯನ್ನು ಮಾಡು ಎಂದು ಆ ಸರ್ಕಾರವೇ ಆಣತಿ ಕೊಟ್ಟಿದೆಯೇ? ಭೇಟಿಗೆ ಸಾಕ್ಷ್ಯ ತೋರಿಸಿ ಆಣತಿಗೆ ಶಿಕ್ಷೆ ವಿಧಿಸಿದರೆ ಯಾವ ತಾಲ್ಲೂಕು ನ್ಯಾಯಾಲಯವೂ ಒಪ್ಪುವುದಿಲ್ಲ. ಇರಾಕಿನ ವಿಷಯದಲ್ಲಿ ನಡೆದದ್ದು ಅದೇ. ಭೇಟಿ ಎಂಬ ಮೆಟ್ಟಿಲಿನ ಸಾಕ್ಷ್ಯ ಹಿಡಿದು ನೆರವು, ಆಣತಿ ಎಂಬ ಮೆಟ್ಟಿಲುಗಳ ಮಾತನಾಡಲಾಯಿತು.

ಹಾಗೆಂದು ಸದ್ದಾಂ ನಿರಪರಾಧಿ ಎಂದು ಯಾರೂ ತಿಳಿಯಬಾರದು. ಪ್ಯಾಲೆಸ್ಟೀನಿನ ಆತ್ಮಾಹುತಿ ದಾಳಿಕೋರರ ಕುಟುಂಬಗಳಿಗೆ ಅವನ ಸರ್ಕಾರ 10,000 ಡಾಲರ್ ಕೊಡುತ್ತಿತ್ತು, 2002ರಲ್ಲಿ ಅದನ್ನು 25,000ಕ್ಕೆ ಏರಿಸಿತು. ಹಲವು ದೇಶಗಳಲ್ಲಿ ರಕ್ತ ಹರಿಸಿದ ಪ್ಯಾಲೆಸ್ಟೀನಿ ಉಗ್ರ ಅಬು ನಿದಾಲ್ 2002ರ ಆಗಸ್ಟ್‌ನಲ್ಲಿ ಸತ್ತದ್ದು ಬಾಗ್ದಾದಿನಲ್ಲಿ. 1985ರಲ್ಲಿ ಅಕಿಲೆ ಲಾರೊ ಎಂಬ ಪ್ರಯಾಣಿಕರ ಹಡಗನ್ನು ಅಪಹರಿಸಿದ ಗುಂಪಿನ ಮುಖಂಡ ಅಬು ಅಬ್ಬಾಸ್ 2003ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನಿಕರಿಗೆ ಸಿಕ್ಕಿಬಿದ್ದದ್ದೂ ಅಲ್ಲಿಯೇ. ಆಶ್ರಯ, ನೆರವು ಎರಡೂ ನಿಜ. ಆದರೆ ಯಾರಿಗೆ? ಬಹುಪಾಲು ಇಸ್ರೇಲಿನ ವಿರುದ್ಧ ಹೋರಾಡುತ್ತಿದ್ದ ಹಳೆಯ ಗುಂಪುಗಳಿಗೆ. ಅಮೆರಿಕದ ಮೇಲೆ ದಾಳಿ ಮಾಡಿದ್ದು ಬೇರೊಂದು ಗುಂಪು. ಈ ವ್ಯತ್ಯಾಸವನ್ನು ಅಳಿಸಿಹಾಕಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ಇಲ್ಲೊಂದು ಹಳೆಯ ಸಂಗತಿಯನ್ನೂ ನೆನಪಿಸಬೇಕು. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳೆಂದು ಅಮೆರಿಕ ಒಂದು ಪಟ್ಟಿ ಇಟ್ಟುಕೊಂಡಿದೆ. 1979ರ ಮೊದಲ ಪಟ್ಟಿಯಲ್ಲೇ ಇರಾಕ್ ಇತ್ತು. 1982ರಲ್ಲಿ ಅದರ ಹೆಸರನ್ನು ತೆಗೆದುಹಾಕಿದರು, ಏಕೆಂದರೆ ಆಗ ಇರಾಕ್ ಇರಾನಿನ ವಿರುದ್ಧ ಯುದ್ಧ ಮಾಡುತ್ತಿತ್ತು, ಅದು ಗೆಲ್ಲದಿದ್ದರೂ ಸೋಲಬಾರದೆಂಬುದು ಅಮೆರಿಕದ ಇಚ್ಛೆಯಾಗಿತ್ತು. ಅಬು ನಿದಾಲ್ ಆ ವರ್ಷವೂ ಬಾಗ್ದಾದಿನಲ್ಲೇ ಇದ್ದ. ಹೆಸರು ತೆಗೆದ ಕೆಲವೇ ತಿಂಗಳಲ್ಲಿ ಅವನ ಗುಂಪಿನವರು ಲಂಡನ್ನಿನಲ್ಲಿ ಇಸ್ರೇಲಿ ರಾಯಭಾರಿಯ ತಲೆಗೆ ಗುಂಡು ಹೊಡೆದರು. ಇರಾಕಿನ ಹೆಸರು ಪಟ್ಟಿಗೆ ಮರಳಿದ್ದು 1990ರಲ್ಲಿ, ಕುವೈತನ್ನು ಆಕ್ರಮಿಸಿದ ಮೇಲೆ. ಅದೇ ಮನುಷ್ಯ, ಅದೇ ಊರು, ಅದೇ ಆಶ್ರಯ; ಅದು ಒಮ್ಮೆ ಅಪರಾಧ, ಇನ್ನೊಮ್ಮೆ ಕಣ್ಣಿಗೆ ಬೀಳದ ಸಂಗತಿ. ನಂಟಿನ ಆರೋಪ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಎಂಬುದನ್ನು ಗಮನಿಸುವ ಅಭ್ಯಾಸ ನನಗೆ ಬಂದದ್ದು ಈ ಪಟ್ಟಿಯನ್ನು ಓದಿದ ಮೇಲೆ.

ಅಲ್‌ಕೈದಾದ ಜೊತೆ ಬಾಗ್ದಾದಿನ ಸಂಬಂಧ ಹೇಗಿತ್ತು? 1990ರಲ್ಲಿ ಸದ್ದಾಂ ಕುವೈತಿಗೆ ನುಗ್ಗಿದಾಗ ಒಸಾಮಾ ಬಿನ್ ಲಾಡೆನ್ ಸೌದಿ ದೊರೆಗಳ ಬಳಿ ಹೋಗಿ, ಸದ್ದಾಮನ ವಿರುದ್ಧ ಹೋರಾಡಲು ತನ್ನ ಪಡೆಯನ್ನು ಕೊಡುತ್ತೇನೆ ಎಂದಿದ್ದ. ಅವನ ಕಣ್ಣಿಗೆ ಸದ್ದಾಂ ಧರ್ಮಭ್ರಷ್ಟ ದೊರೆ. ಸದ್ದಾಮನಿಗೋ ಇಸ್ಲಾಮೀ ಉಗ್ರರು ತನ್ನ ಕುರ್ಚಿಗೇ ಕುತ್ತು ತರುವವರು. 1990ರ ದಶಕದ ಮಧ್ಯಭಾಗದಲ್ಲಿ ಬಿನ್ ಲಾಡೆನ್ ಸುಡಾನಿನಲ್ಲಿದ್ದಾಗ ಇರಾಕಿನ ಗುಪ್ತಚರ ಅಧಿಕಾರಿಯೊಬ್ಬ ಅವನನ್ನು ಕಂಡದ್ದು ನಿಜ. ತರಬೇತಿ ಶಿಬಿರಗಳಿಗೆ ಜಾಗ ಬೇಕು, ಆಯುಧ ಬೇಕು ಎಂದು ಬಿನ್ ಲಾಡೆನ್ ಕೇಳಿದ. ಇರಾಕ್ ಅದಕ್ಕೆ ಸ್ಪಂದಿಸಿದ ಕುರುಹಿಲ್ಲ. ಯುದ್ಧದ ನಂತರ ವಶಕ್ಕೆ ಬಂದ ಇರಾಕಿ ಸರ್ಕಾರದ ಕಡತಗಳಲ್ಲಿ ಆರು ಲಕ್ಷಕ್ಕೂ ಹೆಚ್ಚನ್ನು ಅಮೆರಿಕದ ರಕ್ಷಣಾ ಇಲಾಖೆಗಾಗಿ ಕೆಲಸ ಮಾಡಿದ ಸಂಶೋಧಕರು ಜಾಲಾಡಿದರು. ಸದ್ದಾಂ ಬೇರೆ ಬೇರೆ ಉಗ್ರ ಗುಂಪುಗಳಿಗೆ ಕೊಟ್ಟ ನೆರವಿನ ದಾಖಲೆಗಳು ಹೇರಳವಾಗಿ ಸಿಕ್ಕವು. ಅಲ್‌ಕೈದಾದೊಡನೆ ಕೂಡಿ ಕೆಲಸ ಮಾಡಿದ ನೇರ ಪುರಾವೆ ಸಿಗಲಿಲ್ಲ.

ಹಾಗಾದರೆ ಯುದ್ಧಕ್ಕೆ ಮೊದಲು ಜಗತ್ತಿನ ಮುಂದೆ ಇಟ್ಟದ್ದು ಏನನ್ನು? ಮುಖ್ಯವಾಗಿ ಮೂರು ಕಥೆಗಳನ್ನು.

ಒಂದನೆಯದು ಪ್ರಾಗ್ ನಗರದ ಭೇಟಿ. ದಾಳಿಕೋರರ ಮುಂದಾಳು ಮೊಹಮದ್ ಅತ್ತಾ 2001ರ ಏಪ್ರಿಲ್‌ನಲ್ಲಿ ಪ್ರಾಗ್‌ನಲ್ಲಿ ಇರಾಕಿನ ಗುಪ್ತಚರ ಅಧಿಕಾರಿಯನ್ನು ಕಂಡಿದ್ದ ಎಂದು ಜೆಕ್ ಗುಪ್ತಚರರ ಒಬ್ಬನೇ ಒಬ್ಬ ಬಾತ್ಮೀದಾರ ಹೇಳಿದ. ಅದೂ ಯಾವಾಗ? ದಾಳಿ ಮುಗಿದು ಅತ್ತಾನ ಭಾವಚಿತ್ರ ಎಲ್ಲ ಕಡೆ ಬಂದ ಮೇಲೆ, ಐದು ತಿಂಗಳ ಹಿಂದೆ ಕಂಡ ಮುಖ ಇದೇ ಎಂದ. ಉಪಾಧ್ಯಕ್ಷ ಡಿಕ್ ಚೇನಿ 2001ರ ಡಿಸೆಂಬರ್ 9ರಂದು ಟಿ.ವಿ. ಸಂದರ್ಶನದಲ್ಲಿ ಈ ಭೇಟಿ ಹೆಚ್ಚುಕಡಿಮೆ ದೃಢಪಟ್ಟಿದೆ ಎಂದರು. ತನಿಖೆಯಲ್ಲಿ ಹೊರಬಿದ್ದದ್ದು ಬೇರೆ. ಅತ್ತಾ ಏಪ್ರಿಲ್ 4ರಂದು ವರ್ಜೀನಿಯಾದಲ್ಲಿದ್ದ, 11ರಂದು ಫ್ಲಾರಿಡಾದಲ್ಲಿದ್ದ, ನಡುವಿನ ದಿನಗಳಲ್ಲಿ ಅವನ ಮೊಬೈಲಿನಿಂದ ಫ್ಲಾರಿಡಾದಿಂದಲೇ ಕರೆಗಳು ಹೋಗಿದ್ದವು, ದೇಶ ಬಿಟ್ಟು ಹೋದದ್ದಕ್ಕೆ ಒಂದು ದಾಖಲೆಯೂ ಇರಲಿಲ್ಲ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ಗಾದೆ ನಮ್ಮಲ್ಲಿದೆ. ಕರು ಎಲ್ಲಿ ಎಂದು ಆ ಡಿಸೆಂಬರ್‌ನಲ್ಲಿ ಕೇಳಿದವರು ಕಡಿಮೆ.

ಎರಡನೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ.

ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬವನು ಅಫ್ಗಾನಿಸ್ತಾನದಲ್ಲಿ ತರಬೇತಿ ಶಿಬಿರವೊಂದನ್ನು ನಡೆಸುತ್ತಿದ್ದ ಲಿಬಿಯಾದವನು. 2001ರ ಕೊನೆಯಲ್ಲಿ ಸೆರೆ ಸಿಕ್ಕ. ಮೊದಲು ಅಮೆರಿಕದ ಎಫ್‌ಬಿಐ ಅಧಿಕಾರಿಗಳು ಸಾಮಾನ್ಯ ರೀತಿಯಲ್ಲಿ ಪ್ರಶ್ನಿಸುತ್ತಿದ್ದರು. ಆಮೇಲೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ತನ್ನ ಕೈಗೆ ತೆಗೆದುಕೊಂಡು ಈಜಿಪ್ಟಿಗೆ ಸಾಗಿಸಿತು. ಅಲ್ಲಿ ಅವನು, ಅಲ್‌ಕೈದಾದವರಿಗೆ ಇರಾಕ್ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದು ಹೇಳಿದ. 2002ರ ಫೆಬ್ರುವರಿಯಲ್ಲೇ ರಕ್ಷಣಾ ಇಲಾಖೆಯ ಗುಪ್ತಚರ ಸಂಸ್ಥೆ ಈ ಹೇಳಿಕೆಯನ್ನು ಅನುಮಾನಿಸಿ ಟಿಪ್ಪಣಿ ಬರೆಯಿತು. ತರಬೇತಿ ಕೊಟ್ಟ ಇರಾಕಿಗಳು ಯಾರು, ಯಾವ ವಸ್ತುಗಳನ್ನು ಬಳಸಿದರು, ಎಲ್ಲಿ ನಡೆಯಿತು ಎಂಬ ಯಾವ ವಿವರವೂ ಇವನ ಬಳಿ ಇಲ್ಲ, ವಿಚಾರಣೆ ಮಾಡುವವರನ್ನು ಬೇಕೆಂದೇ ದಾರಿ ತಪ್ಪಿಸುತ್ತಿರುವ ಸಂಭವ ಹೆಚ್ಚು ಎಂದು ಆ ಟಿಪ್ಪಣಿಯಲ್ಲಿತ್ತು.

ಅದೇ ವರ್ಷ ಅಕ್ಟೋಬರ್ 7ರಂದು ಅಧ್ಯಕ್ಷ ಜಾರ್ಜ್ ಬುಷ್ ಸಿನ್ಸಿನಾಟಿ ನಗರದಲ್ಲಿ ಭಾಷಣ ಮಾಡುತ್ತ, ಇರಾಕ್ ಅಲ್‌ಕೈದಾ ಸದಸ್ಯರಿಗೆ ಬಾಂಬು, ವಿಷ, ಮಾರಕ ಅನಿಲಗಳ ತರಬೇತಿ ಕೊಟ್ಟಿರುವುದು ನಮಗೆ ತಿಳಿದುಬಂದಿದೆ ಎಂದರು. 2003ರ ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ನಮ್ಮ ವಶದಲ್ಲಿರುವ ಹಿರಿಯ ಉಗ್ರನೊಬ್ಬ ಇದನ್ನೆಲ್ಲ ಬಾಯಿಬಿಟ್ಟಿದ್ದಾನೆ ಎಂದರು. ನಮ್ಮಲ್ಲಿ ಆಗ ರಾತ್ರಿ. ನಾನೂ ಟಿ.ವಿ. ಮುಂದೆ ಕುಳಿತಿದ್ದೆ. ಪೊವೆಲ್ ಅವರ ಬೆನ್ನ ಹಿಂದೆ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಕುಳಿತಿದ್ದರು. ಇಷ್ಟು ದೊಡ್ಡ ವೇದಿಕೆಯಲ್ಲಿ ಇಷ್ಟು ಗೌರವಸ್ಥ ವ್ಯಕ್ತಿ ಹೇಳುತ್ತಿರುವಾಗ ಇದರಲ್ಲಿ ಏನಾದರೂ ಇರಲೇಬೇಕು ಎಂದು ನನಗೂ ಅನ್ನಿಸಿತ್ತು. ನೀವು ಪಿಯುಸಿ ಹುಡುಗನಾಗಿ ನಂಬಿದ್ದಕ್ಕೆ ನಾಚಬೇಕಾಗಿಲ್ಲ. ಅಂತರರಾಷ್ಟ್ರೀಯ ಕಾನೂನನ್ನು ಪಾಠ ಮಾಡುತ್ತಿದ್ದ ನಾನೂ ಆ ರಾತ್ರಿ ಅರ್ಧ ನಂಬಿದೆ.

2004ರ ಜನವರಿಯಲ್ಲಿ, ಮತ್ತೆ ಅಮೆರಿಕದ ವಶಕ್ಕೆ ಬಂದಿದ್ದ ಅಲ್ ಲಿಬಿ ತನ್ನ ಮಾತನ್ನು ಹಿಂತೆಗೆದುಕೊಂಡ. ಅವನು ಹೇಳಿದ ಪ್ರಕಾರ, ಇರಾಕಿನ ಬಗ್ಗೆ ಕೇಳಿದಾಗ ಅವನಿಗೆ ಏನೂ ಗೊತ್ತಿರಲಿಲ್ಲ, ಕಥೆ ಕಟ್ಟಲೂ ತೋಚಲಿಲ್ಲ. ಅವನನ್ನು ಸುಮಾರು 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ 17 ಗಂಟೆ ತುರುಕಿಟ್ಟರು. ಹೊರಗೆ ತೆಗೆದು ಇನ್ನೊಂದು ಅವಕಾಶ ಕೊಟ್ಟರು. ಆಗಲೂ ಉತ್ತರ ಹಿಡಿಸದಿದ್ದಾಗ ಹೊಡೆದರು. ಆಮೇಲೆ ಅವನಿಗೆ ಕಥೆ ಹೊಳೆಯಿತು. ಸಿಐಎ ಆ ಮಾಹಿತಿಯನ್ನು ಹಿಂಪಡೆಯಿತು. ಆದರೆ ಆ ಮಾತಿನ ಬಲದಿಂದಲೂ ಶುರುವಾಗಿದ್ದ ಯುದ್ಧವನ್ನು ಹಿಂಪಡೆಯಲು ಬರುತ್ತಿರಲಿಲ್ಲ. ಅಲ್ ಲಿಬಿ 2009ರ ಮೇ ತಿಂಗಳಲ್ಲಿ ಲಿಬಿಯಾದ ಜೈಲಿನಲ್ಲಿ ಸತ್ತ.

ಚಿತ್ರಹಿಂಸೆ ಕೆಟ್ಟದ್ದು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಈ ಪ್ರಸಂಗದಲ್ಲಿ ಅದು ಇನ್ನೊಂದು ರೀತಿಯಲ್ಲೂ ಕೆಲಸ ಮಾಡಿತು: ಕೇಳುವವನಿಗೆ ಯಾವ ಉತ್ತರ ಬೇಕೋ ಅದು ಮೊದಲೇ ನಿರ್ಧಾರವಾಗಿತ್ತು, ಪೆಟ್ಟಿಗೆಯಲ್ಲಿದ್ದವನು ಅದನ್ನು ಊಹಿಸಿ ಹಿಂದಿರುಗಿಸಿದ. ಹಾಗೆ ಹಿಂದಿರುಗಿದ್ದನ್ನೇ ಗುಪ್ತಚರ ಮಾಹಿತಿ ಎಂದು ಕರೆದರು.

ಮೂರನೆಯ ಕಥೆ ಜೋರ್ಡಾನಿನ ಅಬು ಮುಸಾಬ್ ಅಲ್ ಜರ್ಕಾವಿಯದು. ಪೊವೆಲ್ ಭಾಷಣದಲ್ಲಿ ಬಾಗ್ದಾದಿಗೂ ಅಲ್‌ಕೈದಾಕ್ಕೂ ನಡುವಿನ ಕೊಂಡಿ ಇವನೇ. 2002ರಲ್ಲಿ ಅವನು ಬಾಗ್ದಾದಿಗೆ ಬಂದುಹೋಗಿದ್ದ, ಅವನ ಜೊತೆಗಾರರು ಉತ್ತರ ಇರಾಕಿನಲ್ಲಿ ಅನ್ಸಾರ್ ಅಲ್ ಇಸ್ಲಾಂ ಎಂಬ ಗುಂಪಿನ ಆಸರೆಯಲ್ಲಿ ವಿಷ ತಯಾರಿಸುತ್ತಿದ್ದಾರೆ ಎಂದರು. ಆ ಶಿಬಿರ ಇದ್ದದ್ದು ನಿಜ. ಎಲ್ಲಿ ಇತ್ತು ಎಂಬುದೇ ಪ್ರಶ್ನೆ. ಇರಾನಿನ ಗಡಿಯ ಹತ್ತಿರ, ಕುರ್ದಿಶ್ ಪ್ರದೇಶದಲ್ಲಿ. 1991ರ ನಂತರ ಆ ಭಾಗ ಸದ್ದಾಮನ ಹಿಡಿತದಲ್ಲೇ ಇರಲಿಲ್ಲ, ಅಲ್ಲಿನ ಆಕಾಶವನ್ನು ಕಾಯುತ್ತಿದ್ದದ್ದು ಅಮೆರಿಕ ಮತ್ತು ಬ್ರಿಟನ್ನಿನ ಯುದ್ಧವಿಮಾನಗಳು. ಆ ಪ್ರದೇಶ ಸದ್ದಾಮನ ಹತೋಟಿಗೆ ಹೊರಗಿದೆ ಎಂದು ಪೊವೆಲ್ ಅವರೇ ಒಪ್ಪಿ, ಆದರೆ ಆ ಗುಂಪಿನ ಮೇಲ್ಮಟ್ಟದಲ್ಲಿ ಬಾಗ್ದಾದಿನ ಏಜೆಂಟನೊಬ್ಬ ಇದ್ದಾನೆ ಎಂದರು. ಅಮೆರಿಕದ ಸೆನೆಟ್ ಗುಪ್ತಚರ ಸಮಿತಿ 2006ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿ ಇದನ್ನು ತಿರುವುಮುರುವು ಮಾಡಿತು. ಜರ್ಕಾವಿಯನ್ನು ಹುಡುಕಿ ಹಿಡಿಯಲು ಸದ್ದಾಂ ಸರ್ಕಾರ ಪ್ರಯತ್ನಿಸಿ ವಿಫಲವಾಗಿತ್ತು ಎಂಬುದು ಆ ಸಮಿತಿಯ ತೀರ್ಮಾನ. ಜರ್ಕಾವಿ ಬಿನ್ ಲಾಡೆನ್‌ಗೆ ನಿಷ್ಠೆಯ ಪ್ರಮಾಣ ಮಾಡಿದ್ದು 2004ರ ಅಕ್ಟೋಬರ್‌ನಲ್ಲಿ, ಅಂದರೆ ಸದ್ದಾಂ ಜೈಲಿನಲ್ಲಿದ್ದಾಗ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಸುಳ್ಳೇ, ತಪ್ಪೇ?

ಕಾಲಾನುಕ್ರಮವನ್ನು ನೋಡಿ. ಅವಳಿ ಗೋಪುರಗಳು ಕುಸಿದ ದಿನವೇ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರ ಮಾತುಗಳನ್ನು ಅವರ ಸಹಾಯಕರು ಬರೆದುಕೊಂಡ ಟಿಪ್ಪಣಿ ಇದೆ. ಬಿನ್ ಲಾಡೆನ್ ಒಬ್ಬನನ್ನಷ್ಟೇ ಅಲ್ಲದೆ ಸದ್ದಾಮನನ್ನೂ ಅದೇ ಹೊತ್ತಿಗೆ ಹೊಡೆಯಲು ಮಾಹಿತಿ ಸಾಕಾಗುತ್ತದೆಯೇ ನೋಡಿ, ಸಂಬಂಧ ಇರುವುದು ಇಲ್ಲದಿರುವುದು ಎಲ್ಲವನ್ನೂ ಗುಡಿಸಿ ತನ್ನಿ ಎಂಬ ಅರ್ಥದ ಸಾಲುಗಳು ಅದರಲ್ಲಿವೆ. ಮರುದಿನ ಬುಷ್ ಅವರು ಭಯೋತ್ಪಾದನಾ ನಿಗ್ರಹದ ಹೊಣೆ ಹೊತ್ತಿದ್ದ ರಿಚರ್ಡ್ ಕ್ಲಾರ್ಕ್ ಅವರನ್ನು ಕರೆದು ಸದ್ದಾಮನ ಕೈವಾಡ ಇದೆಯೇ ನೋಡಿ ಎಂದರು. ಮುಂದೆ ರಕ್ಷಣಾ ಇಲಾಖೆಯಲ್ಲಿ ಡಗ್ಲಾಸ್ ಫೀತ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಚಿಕ್ಕ ತಂಡ, ಗುಪ್ತಚರ ಸಂಸ್ಥೆಗಳು ಬದಿಗಿಟ್ಟಿದ್ದ ಹಳೆಯ ವರದಿಗಳನ್ನು ಮತ್ತೆ ಕೆದಕಿ, ಇರಾಕ್ ಮತ್ತು ಅಲ್‌ಕೈದಾ ನಡುವಿನ ಸಂಬಂಧ ಪಕ್ವವಾದದ್ದು ಎಂದು 2002ರಲ್ಲಿ ಶ್ವೇತಭವನದ ಅಧಿಕಾರಿಗಳಿಗೆ ವಿವರಿಸಿತು. ಅದು ಅನುಚಿತ ಕೆಲಸವಾಗಿತ್ತು ಎಂದು ರಕ್ಷಣಾ ಇಲಾಖೆಯ ಒಳ ತನಿಖಾಧಿಕಾರಿ 2007ರಲ್ಲಿ ಹೇಳಿದರು. ಸಿಐಎ ಕೂಡ 2002ರ ಜೂನ್‌ನಲ್ಲಿ ಒಂದು ವರದಿ ಬರೆದು, ಕೊಂಡಿಗಳನ್ನು ಕೂಡಿಸುವಲ್ಲಿ ಬೇಕೆಂದೇ ಮುನ್ನುಗ್ಗಿದ್ದೇವೆ ಎಂದು ಅದರಲ್ಲೇ ಒಪ್ಪಿಕೊಂಡಿತು.

ಇನ್ನೂ ಗಟ್ಟಿಯಾದ ಸಾಕ್ಷ್ಯ ಬೇಕೆಂದರೆ ಮತ್ತೆ ಅಕ್ಟೋಬರ್ 7ಕ್ಕೆ ಬನ್ನಿ. ಸಿನ್ಸಿನಾಟಿ ಭಾಷಣದ ದಿನಾಂಕವೇ ಇರುವ ಒಂದು ಪತ್ರವನ್ನು ಸಿಐಎ ಸೆನೆಟಿಗೆ ಕಳಿಸಿತ್ತು. ಸದ್ಯಕ್ಕೆ ಬಾಗ್ದಾದ್ ಅಮೆರಿಕದ ಮೇಲೆ ಉಗ್ರ ದಾಳಿ ನಡೆಸದಂತೆ ತನಗೆ ತಾನೇ ಗೆರೆ ಎಳೆದುಕೊಂಡಂತೆ ಕಾಣುತ್ತದೆ, ತನ್ನ ಮೇಲೆ ದಾಳಿ ತಪ್ಪದು ಎಂದು ಗೊತ್ತಾದರೆ ಆ ಗೆರೆ ದಾಟುವ ಸಾಧ್ಯತೆ ಹೆಚ್ಚು ಎಂದು ಅದರಲ್ಲಿತ್ತು. ಜನರಿಗೆ ಕೇಳಿಸಿದ್ದು ಅಧ್ಯಕ್ಷರ ಭಾಷಣ, ಪತ್ರವಲ್ಲ. ಮೂರೇ ದಿನಗಳಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ 296ಕ್ಕೆ 133 ಮತಗಳಿಂದ ಯುದ್ಧಾಧಿಕಾರ ಕೊಟ್ಟಿತು. ಅದರ ಬೆನ್ನಲ್ಲೇ ಸೆನೆಟ್ 77ಕ್ಕೆ 23ರಿಂದ ಒಪ್ಪಿತು.

ವಾಕ್ಯಗಳನ್ನು ಜೋಡಿಸುವುದರಲ್ಲೂ ಒಂದು ಕಸುಬು ನಡೆಯಿತು. ಸೆಪ್ಟೆಂಬರ್ 11ನ್ನು ಮಾಡಿಸಿದ್ದು ಸದ್ದಾಂ ಎಂದು ಬುಷ್ ಒಮ್ಮೆಯೂ ನೇರವಾಗಿ ಹೇಳಲಿಲ್ಲ. 2003ರ ಜನವರಿ 28ರ ಭಾಷಣದಲ್ಲಿ ಅವರು ಹೇಳಿದ್ದು, ಆ 19 ಅಪಹರಣಕಾರರ ಕೈಗೆ ಈ ಬಾರಿ ಸದ್ದಾಂ ಬೇರೆ ಅಸ್ತ್ರಗಳನ್ನು ಕೊಟ್ಟಿದ್ದರೆ ಎಂದು ಊಹಿಸಿಕೊಳ್ಳಿ ಎಂದು. ಇದರಲ್ಲಿ ಆರೋಪವಿಲ್ಲ, ಆದ್ದರಿಂದ ಸುಳ್ಳೆಂದು ಹಿಡಿಯಲಾಗುವುದಿಲ್ಲ. ಎರಡು ಹೆಸರುಗಳು ಒಂದೇ ಉಸಿರಿನಲ್ಲಿ ಬಂದವು, ಉಳಿದದ್ದನ್ನು ಕೇಳುವವರ ಭಯ ಪೂರ್ತಿ ಮಾಡಿತು. 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 69 ಅಮೆರಿಕನ್ನರು ದಾಳಿಯಲ್ಲಿ ಸದ್ದಾಮನ ಪಾತ್ರವಿದ್ದಿರಬಹುದು ಎಂದರು. ಸೆಪ್ಟೆಂಬರ್ 17ರಂದು ಬುಷ್ ಅವರೇ ಅದಕ್ಕೆ ನಮ್ಮ ಬಳಿ ಸಾಕ್ಷ್ಯವಿಲ್ಲ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಬಾಗ್ದಾದ್ ಬಿದ್ದು ಐದು ತಿಂಗಳು ಕಳೆದಿದ್ದವು.

ನನ್ನ ತೀರ್ಪು ಹೀಗಿದೆ. ಅವರಲ್ಲಿ ಹಲವರು ನಂಟು ಇರಬಹುದೆಂದು ಮನಸಾರೆ ನಂಬಿದ್ದರು. ಆ ಮಟ್ಟಿಗೆ ಅದು ತಪ್ಪು. ಆದರೆ ಅನುಮಾನದ ಟಿಪ್ಪಣಿಗಳು ತಮ್ಮದೇ ಸರ್ಕಾರದ ಕಡತಗಳಲ್ಲಿರುವಾಗ ‘ಇರಬಹುದು’ ಎನ್ನುವುದನ್ನು ‘ಇದೆ’ ಎಂದು ಜನರಿಗೆ ಹೇಳಿದರಲ್ಲ, ಅದನ್ನು ನಾನು ವಂಚನೆ ಎಂದೇ ಕರೆಯುತ್ತೇನೆ. ಇರಾಕ್ ಮತ್ತು ಅಲ್‌ಕೈದಾ ಪಾಲುದಾರರೆಂಬ ಹೇಳಿಕೆಗಳಿಗೆ ಗುಪ್ತಚರ ಮಾಹಿತಿಯ ಆಧಾರವಿರಲಿಲ್ಲ ಎಂದು ಸೆನೆಟ್ ಸಮಿತಿ 2008ರ ಜೂನ್‌ನಲ್ಲಿ ಬರೆದದ್ದನ್ನು ಓದಿದ ಮೇಲೆ ಬೇರೆ ಪದ ನನಗೆ ಸಿಗುವುದಿಲ್ಲ.

ಒಂದು ವೇಳೆ ನಿಜವಾಗಿದ್ದರೆ ಎಂದು ಕೇಳಿದ್ದೀರಿ. ಕಾನೂನಿನ ದೃಷ್ಟಿಯಲ್ಲಿ ಕಷ್ಟದ ಪ್ರಶ್ನೆ ಇದೇ. ವಿಶ್ವಸಂಸ್ಥೆಯ ಸನ್ನದು ಒಂದು ದೇಶ ಇನ್ನೊಂದರ ಮೇಲೆ ಬಲಪ್ರಯೋಗ ಮಾಡುವುದನ್ನು ನಿಷೇಧಿಸುತ್ತದೆ. ಸಶಸ್ತ್ರ ದಾಳಿಗೆ ಒಳಗಾದಾಗ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕನ್ನು 51ನೆಯ ವಿಧಿ ಉಳಿಸುತ್ತದೆ. ಉಗ್ರರನ್ನು ಕಳಿಸಿದರೆ ಅದು ‘ಸಶಸ್ತ್ರ ದಾಳಿ’ಯೇ? 1986ರಲ್ಲಿ ನಿಕರಾಗುವ ಮತ್ತು ಅಮೆರಿಕದ ನಡುವಿನ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ್ದು: ಒಂದು ದೇಶವೇ ಸಶಸ್ತ್ರ ಗುಂಪನ್ನು ಕಳಿಸಿ, ದಾಳಿ ಸೈನ್ಯದ ದಾಳಿಯಷ್ಟೇ ತೀವ್ರವಾಗಿದ್ದರೆ ಹೌದು, ಬರೀ ಆಯುಧ ಅಥವಾ ಸಾಗಣೆಯ ನೆರವು ಕೊಟ್ಟರೆ ಅದು ಅಕ್ರಮ, ಆದರೆ ಸಶಸ್ತ್ರ ದಾಳಿ ಅಲ್ಲ. 2001ರ ನಂತರ ಈ ಗೆರೆ ಅಲುಗಾಡಿದೆ. ಅಫ್ಗಾನಿಸ್ತಾನದಲ್ಲಿ ತಾಲಿಬಾನ್ ಬಿನ್ ಲಾಡೆನ್‌ಗೆ ಬಹಿರಂಗವಾಗಿ ಆಶ್ರಯ ಕೊಟ್ಟಿತ್ತು, ಒಪ್ಪಿಸಲು ನಿರಾಕರಿಸಿತು. ಅಮೆರಿಕ ಆತ್ಮರಕ್ಷಣೆ ಎಂದು ನುಗ್ಗಿದಾಗ ಜಗತ್ತಿನ ಬಹುಭಾಗ ತಲೆಯಾಡಿಸಿತು. ಉಗ್ರರನ್ನು ತಡೆಯಲು ಒಲ್ಲದ ಅಥವಾ ಆಗದ ದೇಶದ ನೆಲದಲ್ಲಿ ಬಲ ಬಳಸಬಹುದು ಎಂಬ ವಾದ ಅಂದಿನಿಂದ ಗಟ್ಟಿಯಾಗುತ್ತಿದೆ, ಅದಕ್ಕೆ ವಿರೋಧವೂ ಇದೆ. ಅತಿ ಸಡಿಲವಾಗಿ ಓದಿದರೂ ಆ ಬಲ ದಾಳಿಯ ಅಪಾಯವನ್ನು ತಡೆಯುವಷ್ಟಕ್ಕೆ ಸೀಮಿತ. ಗುಡ್ಡದ ಶಿಬಿರವೊಂದರಲ್ಲಿ ವಿಷ ತಯಾರಾಗುತ್ತಿದೆ ಎಂಬುದು ಒಂದು ದೇಶವನ್ನೇ ವಶಪಡಿಸಿಕೊಂಡು ಅದರ ಸೈನ್ಯವನ್ನು ವಿಸರ್ಜಿಸುವುದಕ್ಕೆ ಕಾರಣವಾಗಲಾರದು.

ಗಮನಿಸಬೇಕಾದ ಮಾತೆಂದರೆ, ಯುದ್ಧದಲ್ಲಿ ಅಮೆರಿಕದ ಜೊತೆಗಿದ್ದ ಬ್ರಿಟನ್ನಿನ ಅಟಾರ್ನಿ ಜನರಲ್ ತಮ್ಮ ಸರ್ಕಾರಕ್ಕೆ ಕೊಟ್ಟ ಕಾನೂನು ಸಲಹೆ ಉಗ್ರರ ನಂಟನ್ನು ಆಧಾರ ಮಾಡಿಕೊಳ್ಳಲೇ ಇಲ್ಲ. ಅದು ನಿಂತಿದ್ದು ಭದ್ರತಾ ಮಂಡಳಿಯ ಮೂರು ನಿರ್ಣಯಗಳ ಮೇಲೆ: ಕುವೈತನ್ನು ಬಿಡಿಸಲು ಬಲಪ್ರಯೋಗಕ್ಕೆ ಒಪ್ಪಿದ 678, ಇರಾಕ್ ಅಸ್ತ್ರಗಳನ್ನು ತ್ಯಜಿಸಬೇಕೆಂಬ 687 ಮತ್ತು 1441. ಕಾನೂನಿನ ಕಾಗದದ ಮೇಲೆ ಬರೆಯಲು ಧೈರ್ಯ ಸಾಲದ ಕಾರಣವನ್ನು ಟಿ.ವಿ. ಮುಂದೆ ಕುಳಿತವರ ಮನಸ್ಸಿಗೆ ಇಳಿಸಲಾಯಿತು.

ನಂಟು ಅರೆಬರೆ ನಿಜವಾಗಿದ್ದಾಗಲೂ ಯುದ್ಧ ಏನು ಮಾಡಿತು ಎಂಬುದಕ್ಕೆ ಮೊದಲ ಮಹಾಯುದ್ಧ ಶುರುವಾದ 1914 ಇದೆ. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದವರಿಗೆ ಆಯುಧ ಬಂದದ್ದು ಸೆರ್ಬಿಯಾದ ಸೇನಾಧಿಕಾರಿಗಳ ಗುಂಪಿನಿಂದಲೇ. ಆದರೆ ಸೆರ್ಬಿಯಾ ಸರ್ಕಾರವೇ ಮಾಡಿಸಿತೇ ಎಂದು ತನಿಖೆಗೆ ಹೋದ ಆಸ್ಟ್ರಿಯಾದ ಅಧಿಕಾರಿ ವೀಸ್ನರ್, ಅದಕ್ಕೆ ಪುರಾವೆ ಇಲ್ಲ ಎಂದು ಜುಲೈ 13ರಂದು ತಂತಿ ಕಳಿಸಿದ. ಜುಲೈ 23ರಂದು 48 ಗಂಟೆಗಳ ಅಂತಿಮ ಗಡುವು ಸೆರ್ಬಿಯಾಕ್ಕೆ ಹೋಗಿಯೇ ಬಿಟ್ಟಿತು.

ಹೀಗೆ ಹೇಳಿದಾಗ ಉಗ್ರರ ಬಗ್ಗೆ ನನ್ನದು ಮೆತ್ತಗಿನ ಧೋರಣೆ ಎಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. 2008ರ ನವೆಂಬರ್‌ನಲ್ಲಿ ಮುಂಬೈಯಲ್ಲಿ 166 ಜನ ಸತ್ತರು, ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ದೇಹ ಬೆಂಗಳೂರಿಗೆ ಬಂದ ದಿನದ ಜನಸಾಗರ ಇನ್ನೂ ನನ್ನ ಕಣ್ಣ ಮುಂದಿದೆ. ಆ ಪ್ರಕರಣವನ್ನು ಹೇಳುವುದು, ನಂಟಿಗೆ ಸಾಕ್ಷ್ಯ ಎಂದರೆ ಹೇಗಿರುತ್ತದೆ ಎಂದು ತೋರಿಸಲು. ದಾಳಿಕೋರ ಕಸಬ್ ಜೀವಂತ ಸಿಕ್ಕ. ದಾಳಿ ನಡೆಯುತ್ತಿರುವಾಗಲೇ ಗಡಿಯಾಚೆಯಿಂದ ಕೊಟ್ಟ ಸೂಚನೆಗಳ ಫೋನ್ ಧ್ವನಿಮುದ್ರಣ ಇತ್ತು. ಭಾರತ 2009ರ ಜನವರಿಯಲ್ಲಿ ದಾಖಲೆಗಳ ಕಡತವನ್ನು ಪಾಕಿಸ್ತಾನಕ್ಕೆ ಕೊಟ್ಟಿತು, ಫೆಬ್ರುವರಿಯಲ್ಲಿ ಅಲ್ಲಿನ ಒಳಾಡಳಿತ ಮುಖ್ಯಸ್ಥರೇ ಸಂಚಿನ ಒಂದು ಭಾಗ ತಮ್ಮ ನೆಲದಲ್ಲಿ ರೂಪುಗೊಂಡದ್ದನ್ನು ಒಪ್ಪಿದರು. ಗುರಿಗಳನ್ನು ಮೊದಲೇ ಹೋಗಿ ನೋಡಿ ಬಂದಿದ್ದ ಡೇವಿಡ್ ಹೆಡ್ಲಿ ಷಿಕಾಗೊ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 35 ವರ್ಷ ಶಿಕ್ಷೆಗೆ ಒಳಗಾದ. ಇಷ್ಟೆಲ್ಲ ಕೈಯಲ್ಲಿದ್ದೂ ಅಂದು ಭಾರತ ಯುದ್ಧಕ್ಕೆ ಹೋಗಲಿಲ್ಲ. ಅದು ಸರಿಯೇ ತಪ್ಪೇ ಎಂದು ಇಂದಿಗೂ ವಾದ ನಡೆಯುತ್ತದೆ, ನಡೆಯಲಿ. ಈ ಕಡತವನ್ನು ಪ್ರಾಗ್‌ನ ಒಬ್ಬ ಬಾತ್ಮೀದಾರನ ಮಾತಿನ ಪಕ್ಕದಲ್ಲಿಟ್ಟು ನೋಡಿ ಎಂಬುದಷ್ಟೇ ನನ್ನ ಕೋರಿಕೆ.

ಸಾಮಾನ್ಯ ಓದುಗರು ಅಳೆಯುವುದು ಹೇಗೆ ಎಂದಿರಿ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಮಾಡುವುದನ್ನು ಹೇಳುತ್ತೇನೆ. ಸುದ್ದಿಯಲ್ಲಿ ‘ನಂಟು’, ‘ಸಂಪರ್ಕ’, ‘ಕೊಂಡಿ’ ಎಂದು ಬಂದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಅದರ ಜಾಗದಲ್ಲಿ ಯಾವ ಕ್ರಿಯಾಪದ ಕೂರುತ್ತದೆ ನೋಡುತ್ತೇನೆ. ಕಂಡರು, ಇರಗೊಟ್ಟರು, ಕೊಟ್ಟರು, ಮಾಡಿಸಿದರು. ಯಾವುದೂ ಕೂರದಿದ್ದರೆ ಆ ವಾಕ್ಯ ಏನನ್ನೂ ಹೇಳುತ್ತಿಲ್ಲ ಎಂದು ಅರ್ಥ. ಆಮೇಲೆ, ಇದನ್ನು ಹೇಳಿದವರು ಎಷ್ಟು ಮಂದಿ, ಅವರು ಯಾರ ವಶದಲ್ಲಿದ್ದಾಗ ಹೇಳಿದರು ಎಂದು ಹುಡುಕುತ್ತೇನೆ. ಹತ್ತು ಪತ್ರಿಕೆಗಳಲ್ಲಿ ಬಂದ ಸುದ್ದಿಯ ಬೇರು ಎಷ್ಟೋ ಸಲ ಒಂದೇ ಬಾಯಿಯಾಗಿರುತ್ತದೆ. ಇದೇ ಆರೋಪ ಹತ್ತು ವರ್ಷದ ಹಿಂದೆಯೂ ಇತ್ತೇ, ಆಗ ಏಕೆ ಸುಮ್ಮನಿದ್ದರು ಎಂಬುದನ್ನೂ ಕೇಳಬೇಕು. ಯುದ್ಧ ಬೇಕೆನ್ನುವವರ ಗುಪ್ತಚರರು ಮುಚ್ಚಿದ ಕೋಣೆಯಲ್ಲಿ ಏನು ಬರೆದಿದ್ದಾರೆ ಎಂಬುದು ನಮಗೆ ಆಗ ಸಿಗುವುದಿಲ್ಲ, ಆದರೆ ಸಂಸತ್ತಿನಲ್ಲಿ ಅದನ್ನು ಕೇಳುವವರಿದ್ದಾರೆಯೇ, ಕೇಳಿದವರಿಗೆ ದೇಶದ್ರೋಹಿಗಳೆಂಬ ಹಣೆಪಟ್ಟಿ ಸಿಗುತ್ತಿದೆಯೇ ಎಂಬುದು ಕಾಣುತ್ತದೆ.

ನಮ್ಮ ಸಂಸತ್ತು 2003ರ ಏಪ್ರಿಲ್‌ನಲ್ಲಿ ಆ ಯುದ್ಧವನ್ನು ಖಂಡಿಸುವ ನಿರ್ಣಯ ಮಾಡಿತು. ಆ ಬೇಸಿಗೆಯಲ್ಲಿ ಅಮೆರಿಕ ಒಂದು ಡಿವಿಷನ್, ಅಂದರೆ ಸುಮಾರು 17,000 ಭಾರತೀಯ ಸೈನಿಕರನ್ನು ಇರಾಕಿಗೆ ಕಳಿಸಿ ಎಂದು ಕೇಳಿತು. ದೆಹಲಿಯಲ್ಲಿ ಕಳಿಸೋಣ ಎನ್ನುವ ಪ್ರಭಾವಿ ದನಿಗಳೂ ಇದ್ದವು. ವಾಜಪೇಯಿ ಸರ್ಕಾರ ಜುಲೈ 14ರಂದು ಒಲ್ಲೆ ಎಂದಿತು. ಕಳಿಸಿದ್ದರೆ ನಮ್ಮ ಎಷ್ಟು ಹಳ್ಳಿಗಳಿಗೆ ಶವಪೆಟ್ಟಿಗೆಗಳು ಬರುತ್ತಿದ್ದವೋ ಎಂದು ಯೋಚಿಸಿದಾಗಲೆಲ್ಲ ಆ ನಿರ್ಧಾರಕ್ಕೆ ನಾನು ಕೈಮುಗಿಯುತ್ತೇನೆ.

ಕೊನೆಯದಾಗಿ, ಯುದ್ಧದ ನಂತರ ಆ ನಂಟಿನ ಗತಿ ಏನಾಯಿತು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಇರಾಕಿನ ಮೇಲೆ ದಾಳಿ ಮಾಡಿದರೆ ಅಲ್‌ಕೈದಾದಿಂದ ಬರುವ ಅಪಾಯ ಹೆಚ್ಚುತ್ತದೆ ಎಂದು ಬ್ರಿಟನ್ನಿನ ಜಂಟಿ ಗುಪ್ತಚರ ಸಮಿತಿ 2003ರ ಫೆಬ್ರುವರಿಯಲ್ಲೇ ತನ್ನ ಸರ್ಕಾರವನ್ನು ಎಚ್ಚರಿಸಿತ್ತು. ಮಾರ್ಚ್ 20ರಂದು ಯುದ್ಧ ಶುರುವಾಯಿತು. ಆಗಸ್ಟ್ 19ರಂದು ಜರ್ಕಾವಿಯ ಗುಂಪು ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯನ್ನು ಸ್ಫೋಟಿಸಿ 22 ಜನರನ್ನು ಕೊಂದಿತು. ಇಲ್ಲದ ಕಡೆ ಅಲ್‌ಕೈದಾ ಬಂದು ನೆಲೆಯೂರಿತು. ಜರ್ಕಾವಿ 2006ರಲ್ಲಿ ಸತ್ತ, ಗುಂಪು ಸಾಯಲಿಲ್ಲ. ಅದೇ ಮುಂದೆ ಇಸ್ಲಾಮಿಕ್ ಸ್ಟೇಟ್ ಎಂದು ಹೆಸರು ಬದಲಿಸಿ 2014ರ ಜೂನ್‌ನಲ್ಲಿ ಮೊಸೂಲ್ ನಗರವನ್ನು ಹಿಡಿಯಿತು. ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ 39 ಭಾರತೀಯ ಕಾರ್ಮಿಕರನ್ನು ಎಳೆದೊಯ್ದಿತು. ಬಹುತೇಕರು ಪಂಜಾಬಿನ ಬಡ ಮನೆಗಳವರು. ನಾಲ್ಕು ವರ್ಷ ಅವರ ತಾಯಂದಿರು ದೆಹಲಿಯ ಕಚೇರಿಗಳಿಗೆ ಅಲೆದರು. ಬದೂಷ್ ಎಂಬ ಹಳ್ಳಿಯ ಬಳಿಯ ದಿಬ್ಬವನ್ನು ಅಗೆದು ತೆಗೆದ ಮೂಳೆಗಳನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಲಾಯಿತು. ಅವರು ಯಾರೂ ಬದುಕಿಲ್ಲ ಎಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ಎದ್ದು ನಿಂತು ಹೇಳಿದ ದಿನ 2018ರ ಮಾರ್ಚ್ 20. ಇರಾಕಿನ ಮೇಲೆ ಮೊದಲ ಕ್ಷಿಪಣಿ ಬಿದ್ದು ಅಂದಿಗೆ ಸರಿಯಾಗಿ ಹದಿನೈದು ವರ್ಷ.